ಅಳಿಯನ ಸೈನ್ಯ, ಅತ್ತೆಯ ಕುಂಚ

ಮಗಳ ಬಾಣಂತನಕ್ಕೆಂದು ಹೋದವಳು ಉಗುರಿನ ಸಂದಿಯಲ್ಲಿ ಬಣ್ಣ ತುಂಬಿಕೊಂಡು ಬಂದಳು ಎಂದು ನಮ್ಮ ಬೀದಿಯ ಹೆಂಗಸರು ಈಗಲೂ ನಗುತ್ತಾರೆ. ನಗಲಿ ಬಿಡಿ. ತಿಪಟೂರಿನಿಂದ ಆಚೆಗೆ ಹೆಚ್ಚೆಂದರೆ ಧರ್ಮಸ್ಥಳ, ತಿರುಪತಿ ನೋಡಿದ್ದ ನಾನು 2023ರ ನವೆಂಬರಿನಲ್ಲಿ ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್ ಊರಿಗೆ ಹೊರಟಾಗ ನನ್ನ ಪೆಟ್ಟಿಗೆಯಲ್ಲಿದ್ದದ್ದು ಬಾಣಂತಿ ಖಾರ, ಒಣಶುಂಠಿ, ಬಜೆ, ಹರಳೆಣ್ಣೆ ಮತ್ತು ಮೆತ್ತಗಿನ ಹಳೇ ಸೀರೆಗಳು. ಅಲ್ಲಿ ನಾನು ಸೈನ್ಯ ಕಟ್ಟುತ್ತೇನೆಂದು ಯಾರಾದರೂ ಹೇಳಿದ್ದರೆ ನಾನೇ ನಗುತ್ತಿದ್ದೆ.

ಮಗಳು ನನಗೆಂದು ಬಿಟ್ಟುಕೊಟ್ಟ ಕೋಣೆಯ ಗೋಡೆಯ ಮೇಲೆ ಮೂರು ಹಲಗೆ. ಮೂರರ ತುಂಬ ಬೆರಳಿನ ಎರಡು ಗೆಣ್ಣಿನಷ್ಟು ಎತ್ತರದ ಸಿಪಾಯಿಗಳು. ಒಬ್ಬೊಬ್ಬನಿಗೂ ಗುಂಡಿ, ಪಟ್ಟಿ, ಟೋಪಿಯ ಗರಿ, ಮೀಸೆ.

“ಇದೇನೇ, ಹುಟ್ಟೋ ಮಗುವಿಗೆ ಈಗಲೇ ಆಟದ ಸಾಮಾನು ತಂದಿಟ್ಟಿದ್ದೀರಾ?” ಎಂದೆ.

“ಅಮ್ಮಾ, ಅದು ನಿನ್ನ ಅಳಿಯಂದಿರದ್ದು. ಮುಟ್ಟಬೇಡ, ಕತ್ತಿ ಮುರಿದೀತು,” ಎಂದಳು. ಅವಳ ದನಿಯಲ್ಲಿ ಹೆಮ್ಮೆ ಇರಲಿಲ್ಲ.

ಮೂವತ್ತು ದಾಟಿದ ಗಂಡಸಿಗೆ ಗೊಂಬೆಯಾಟ! ಮನಸ್ಸಿನಲ್ಲೇ ಅಂದುಕೊಂಡೆ. ಅಳಿಯನಿಗೆ ಅತ್ತೆ ಎದುರು ನಿಂತು ಇಂಥದ್ದನ್ನು ಕೇಳುವ ಪದ್ಧತಿ ನಮ್ಮಲ್ಲಿಲ್ಲ. ಆದರೆ ನಿಧಾನವಾಗಿ ತಿಳಿಯಿತು, ಅದು ಅಲ್ಲಿ ದೊಡ್ಡವರ ಆಟವೇ. ಮೇಜಿನ ಮೇಲೆ ಗುಡ್ಡ, ಹೊಳೆ, ಮನೆಗಳನ್ನು ಜೋಡಿಸಿ, ಎರಡು ಕಡೆಯೂ ಸೈನ್ಯ ನಿಲ್ಲಿಸಿ, ಅಳತೆಪಟ್ಟಿ ಹಿಡಿದು ಇಷ್ಟಿಷ್ಟು ಅಂಗುಲ ನಡೆಸುತ್ತಾರೆ. ಗುಂಡು ತಗಲಿತೋ ಇಲ್ಲವೋ ಎಂಬುದಕ್ಕೆ ದಾಳ. ಪಗಡೆಯ ನಾಡಿನವರಾದ ನಮಗೆ ಇದರಲ್ಲಿ ಅರ್ಥವಾಗದ್ದು ಏನಿದೆ? ಎಚ್. ಜಿ. ವೆಲ್ಸ್ ಎಂಬ ದೊಡ್ಡ ಕಾದಂಬರಿಕಾರರು 1913ರಲ್ಲೇ ‘ಲಿಟ್ಲ್ ವಾರ್ಸ್’ ಎಂದು ಈ ಆಟದ ಪುಸ್ತಕ ಬರೆದಿದ್ದಾರೆ. ಹುಡುಗರ ಆಟ ಮೆಚ್ಚುವ ಬುದ್ಧಿವಂತ ಹುಡುಗಿಯರಿಗೂ ಇದು ಆದೀತು ಎಂಬ ಮಾತನ್ನು ಪುಸ್ತಕದ ಉದ್ದನೆಯ ಹೆಸರಿನಲ್ಲೇ ಸೇರಿಸಿಬಿಟ್ಟಿದ್ದಾರೆ. ಬುದ್ಧಿವಂತೆಯರು ಮಾತ್ರವಂತೆ, ಹುಡುಗರಿಗೆ ಆ ಷರತ್ತಿಲ್ಲ! ಇನ್ನು ನಾಟಿಂಗ್‌ಹ್ಯಾಮ್ ಎಂದರೆ ಈ ಗೊಂಬೆಗಳ ತವರು. 1983ರಲ್ಲಿ ಶುರುವಾದ ‘ವಾರ್‌ಹ್ಯಾಮರ್’ ಎಂಬ ಪ್ರಸಿದ್ಧ ಆಟದ ಕಂಪನಿ ಆ ಊರಿನಲ್ಲೇ ಇದೆ. ಹಳೇ ಕಾಲದ ಯುದ್ಧಗಳ ಗೊಂಬೆ ಮಾಡುವವರೂ ಅಲ್ಲೇ ಇದ್ದಾರೆ. ನಮ್ಮ ಚನ್ನಪಟ್ಟಣವಿದ್ದ ಹಾಗೆ ಅಂದುಕೊಳ್ಳಿ.

ಅಂಗಡಿಯಿಂದ ಬರುವಾಗ ಇವಕ್ಕೆ ಬಣ್ಣವಿರುವುದಿಲ್ಲ. ಕೈ ಬೇರೆ, ತಲೆ ಬೇರೆ, ಎಲ್ಲಾ ಬೂದಿ ಬಣ್ಣದ ಪ್ಲಾಸ್ಟಿಕ್ ಚೌಕಟ್ಟಿಗೆ ಅಂಟಿಕೊಂಡಿರುತ್ತವೆ. ಕತ್ತರಿಸಿ, ಅಂಟಿಸಿ, ಬಣ್ಣ ಹಚ್ಚುವುದು ಕೊಂಡವರ ಕೆಲಸ. ಬೆಲೆ ಕೇಳಿದರೆ ಮಾತ್ರ ಎದೆ ಝಲ್ಲೆನ್ನುತ್ತದೆ. ಒಂದು ಪೆಟ್ಟಿಗೆಯ ದುಡ್ಡಿನಲ್ಲಿ ನಾನು ಇಲ್ಲಿ ಹದಿನೈದು ದಿನ ಸಂಸಾರ ತೂಗಿಸಬಲ್ಲೆ.

ಡಿಸೆಂಬರಿನಲ್ಲಿ ಮೊಮ್ಮಗಳು ಹುಟ್ಟಿದಳು. ಜನವರಿಯಲ್ಲಿ ಅಳಿಯನ ಕೆಲಸ ಹೋಯಿತು.

ಯಾವ ಕಂಪನಿ, ಯಾಕೆ ಎಂಬುದು ಇಲ್ಲಿ ಬೇಡ. ಒಂದೇ ದಿನ ಹಲವರನ್ನು ಮನೆಗೆ ಕಳಿಸಿದರು, ಅಷ್ಟೆ. ಆ ದೇಶದಲ್ಲಿ ಇವರಂತೆ ಕೆಲಸದ ವೀಸಾ ಮೇಲೆ ಇರುವವರಿಗೆ ಕೆಲಸ ಹೋದರೆ ಸರಕಾರದಿಂದ ಕಾಗದ ಬರುತ್ತದೆ. ಕಾಗದ ಬಂದಮೇಲೆ ಅರುವತ್ತು ದಿನ. ಅಷ್ಟರೊಳಗೆ ಇನ್ನೊಬ್ಬರು ಕೆಲಸ ಕೊಟ್ಟು ವೀಸಾಗೆ ನಿಲ್ಲದಿದ್ದರೆ ಗಂಟುಮೂಟೆ ಕಟ್ಟಬೇಕು. ಮನೆಯಲ್ಲಿ ಹಸಿ ಬಾಣಂತಿ, ಹೊರಗೆ ಸಂಜೆ ನಾಲ್ಕಕ್ಕೇ ಕತ್ತಲು. ಅಳಿಯ ಹಗಲೆಲ್ಲ ಅರ್ಜಿ ಹಾಕುವುದು, ರಾತ್ರಿ ನಿದ್ದೆ ಬಾರದೆ ಊಟದ ಮೇಜಿನ ಮೇಲೆ ದೀಪ ಹಾಕಿಕೊಂಡು ಸಿಪಾಯಿಗಳ ಮುಂದೆ ಕೂರುವುದು. ಹೆಚ್ಚಿನ ದಿನ ಬಣ್ಣವನ್ನೂ ಹಚ್ಚುತ್ತಿರಲಿಲ್ಲ, ಸುಮ್ಮನೆ ಕೂತಿರುತ್ತಿದ್ದರು. ಗುರುವಾರ ಗುರುವಾರ ಆಟದ ಕ್ಲಬ್ಬಿಗೆ ಹೋಗುತ್ತಿದ್ದದ್ದೂ ನಿಂತಿತು. ಒಂದು ರಾತ್ರಿ ಮಗಳು ತಾಳ್ಮೆ ಕಳೆದುಕೊಂಡು, “ಈ ದರಿದ್ರ ಗೊಂಬೆಗಳಿಗೆ ಸುರಿದ ದುಡ್ಡಿದ್ದಿದ್ದರೆ ಎರಡು ತಿಂಗಳ ಬಾಡಿಗೆ ಕಟ್ಟಬಹುದಿತ್ತು, ಎಲ್ಲಾ ಎತ್ತಿ ಕಸಕ್ಕೆ ಹಾಕ್ತೀನಿ,” ಅಂದುಬಿಟ್ಟಳು. ಅಳಿಯ ಒಂದು ಮಾತೂ ಆಡಲಿಲ್ಲ. ಆಡಿದ್ದರೇ ಚೆನ್ನಾಗಿತ್ತು ಎನಿಸಿತು ನನಗೆ.

ಮಗಳು ಹೇಳಿದ್ದರಲ್ಲಿ ಸುಳ್ಳೇನಿರಲಿಲ್ಲ. ಆದರೆ ಮನುಷ್ಯನ ಕೈ ಖಾಲಿಯಾದಾಗ ಕೈಯಲ್ಲಿರುವ ಒಂದೇ ಒಂದು ಕೆಲಸವನ್ನೂ ಕಿತ್ತುಕೊಳ್ಳಬಾರದು. ನಮ್ಮ ಯಜಮಾನರ ಅಂಗಡಿ ಮುಚ್ಚಿದ ವರ್ಷ ನಾನು ಸಾಲಾಗಿ ಎಷ್ಟು ಸ್ವೆಟರ್ ಹೆಣೆದೆ ಎಂದು ನನಗೆ ಗೊತ್ತು.

ಮಾರನೇ ರಾತ್ರಿ ಮಗುವನ್ನು ಮಲಗಿಸಿ ಬಂದು ಮೇಜಿನ ಎದುರು ಕೂತೆ. “ನನಗೂ ಒಂದು ಕೊಡಿ ನೋಡೋಣ. ದಸರಾ ಗೊಂಬೆಗೆ ಬಣ್ಣ ಹಚ್ಚಿ ಅಭ್ಯಾಸವಿದೆ,” ಎಂದೆ. ಅವರು ಗಾಬರಿಯಾಗಿ, “ಅತ್ತೆ, ನಿಮಗ್ಯಾಕೆ ತೊಂದರೆ,” ಎನ್ನುತ್ತಲೇ ಒಂದು ಮುರುಕಲು ಸಿಪಾಯಿಯನ್ನು ಮುಂದಿಟ್ಟರು.

ನನ್ನ ಮೊದಲ ಸಿಪಾಯಿಯ ಕಥೆ ಕೇಳಿ. ನಮ್ಮ ಗೊಂಬೆಗಳಿಗೆ ಕಣ್ಣೇ ಜೀವ ಅಲ್ಲವೇ? ಮೊದಲು ಕಣ್ಣು ಬರೆದೆ. ಯಕ್ಷಗಾನದ ರಾಕ್ಷಸ ಆಕಳಿಸಿದ ಹಾಗೆ ಕಂಡ! ಬಣ್ಣವನ್ನು ಬಾಟ್ಲಿಯಿಂದ ಹಾಗೇ ತೆಗೆದು ಮೆತ್ತಿದ್ದರಿಂದ ಮೂಗು, ಬಾಯಿ, ಗುಂಡಿ ಎಲ್ಲಾ ಮುಚ್ಚಿಹೋಗಿ ಉದ್ದಿನವಡೆಯಾಗಿತ್ತು. ಮೇಲಿಂದ ಕುಂಚವನ್ನು ಬಿಸಿನೀರಿನಲ್ಲಿ ತೊಳೆದು ಲೋಟದಲ್ಲಿ ತಲೆಕೆಳಗಾಗಿ ನಿಲ್ಲಿಸಿಟ್ಟೆ. ಬಿಸಿನೀರಿಗೆ ಕೂದಲು ಹಿಡಿದ ಅಂಟು ಸಡಿಲವಾಗುತ್ತದೆ, ನಿಲ್ಲಿಸಿಟ್ಟರೆ ತುದಿ ಸೊಟ್ಟಗಾಗುತ್ತದೆ. ಬೆಳಿಗ್ಗೆ ನೋಡಿದರೆ ಒಳ್ಳೆಯ ಕುಂಚ ಪೊರಕೆಯಾಗಿತ್ತು. ಅಳಿಯ ಆ ತಿಂಗಳಲ್ಲಿ ಮೊದಲ ಸಲ ನಕ್ಕರು.

ಆಮೇಲೆ ನಾನು ಎರಡನೇ ಕೆಲಸ ಮಾಡಿದೆ. “ಮಂಚದ ಕೆಳಗಿರುವ ಪೆಟ್ಟಿಗೆಗಳನ್ನೆಲ್ಲ ಹೊರಗೆ ತೆಗೀರಿ,” ಎಂದೆ. ಒಡೆಯದೇ ಇಟ್ಟ ಪೆಟ್ಟಿಗೆಗಳು ಹದಿನಾಲ್ಕು! ಈ ಹವ್ಯಾಸದವರೆಲ್ಲರಿಗೂ ಇದೇ ರೋಗವಂತೆ. ಕೊಳ್ಳುವಾಗ ಉತ್ಸಾಹ, ಹಚ್ಚುವಾಗ ಸೋಮಾರಿತನ. ಬೈಯಲು ಬಾಯಿ ತೆರೆದವಳು, ನಮ್ಮ ಮನೆ ಬೀರುವಿನಲ್ಲಿ ಹೊಲಿಸದೆ ಬಿದ್ದಿರುವ ಕುಪ್ಪಸದ ಕಣಗಳು ನೆನಪಾಗಿ ಸುಮ್ಮನಾದೆ. ನಾಲ್ಕು ಪೆಟ್ಟಿಗೆ ಇಟ್ಟುಕೊಂಡು ಹತ್ತನ್ನು ಮಾರಿಸಿದೆ. ಸೀಲು ಒಡೆಯದ ಮಾಲಿಗೆ ಅಲ್ಲಿ ಗಿರಾಕಿಗಳಿದ್ದಾರೆ. ಇನ್ನೂರ ನಲವತ್ತು ಪೌಂಡು ಬಂತು. ಆ ತಿಂಗಳ ಗ್ಯಾಸು, ಕರೆಂಟು, ದಿನಸಿ ಅದರಲ್ಲೇ ಆಯಿತು. ಮಗಳು ದುಡ್ಡು ಎಣಿಸಿ ಡಬ್ಬಿಗೆ ಹಾಕಿದಳು, ಕಸಕ್ಕೆ ಹಾಕುವ ಮಾತು ಮತ್ತೆ ಎತ್ತಲಿಲ್ಲ.

ಹೊಸಬರಿಗೆ ಎಷ್ಟು ಬೇಕು?

ಹಾಲಿನ ಲೆಕ್ಕದ ಹಾಗೆ ಒಂದು ಪುಸ್ತಕ ಮಾಡಿ, ಏನೂ ಇಲ್ಲದವರು ಶುರುಮಾಡಬೇಕಾದರೆ ಕನಿಷ್ಠ ಏನು ಬೇಕು ಎಂದು ಅಳಿಯನ ಬಾಯಿಂದಲೇ ಹೇಳಿಸಿ ಬರೆದುಕೊಂಡೆ. ಅವರ ಡ್ರಾಯರಿನಲ್ಲಿ ತೊಂಬತ್ತು ಬಾಟ್ಲಿ ಬಣ್ಣವಿತ್ತು, ಅರ್ಧ ಒಣಗಿ ಕಲ್ಲಾಗಿತ್ತು. ನಿಜವಾಗಿ ಬೇಕಾದದ್ದು ಆರು. ಕಪ್ಪು, ಬಿಳಿ, ಕೆಂಪು, ನೀಲಿ, ಕಂದು, ಬೆಳ್ಳಿ. ಮೈಬಣ್ಣಕ್ಕೆ ಕಂದು, ಬಿಳಿ, ಒಂದು ಚೂರು ಕೆಂಪು ಕಲಸಿದರೆ ಸಾಕು. ಏಳನೆಯದು ‘ವಾಶ್’ ಎಂಬ ನೀರಾದ ಕಂದು ಬಣ್ಣ. ಇದನ್ನು ಮಾತ್ರ ಬಿಡಬೇಡಿ, ಯಾಕೆಂದು ಮುಂದೆ ಹೇಳುತ್ತೇನೆ. ಏಳಕ್ಕೂ ಇಪ್ಪತ್ತು ಪೌಂಡಿನ ಒಳಗೆ. ಕುಂಚ ಎರಡು, ಎರಡನೇ ನಂಬರಿನದು ಒಂದು, ಅದಕ್ಕಿಂತ ಸಣ್ಣದು ಒಂದು, ಆರು ಪೌಂಡು. ಕುಂಚಕ್ಕೆ ಮುಖ್ಯ ದಪ್ಪವಲ್ಲ, ಮೊನೆ. ಒದ್ದೆ ಮಾಡಿದಾಗ ಸೂಜಿಯಂತೆ ಕೂಡಿಕೊಳ್ಳಬೇಕು. ಬರೀ ಮೂರು ಕೂದಲಿನ ಸಣ್ಣ ಕುಂಚ ತಂದರೆ ಬಣ್ಣ ಗೊಂಬೆ ಮುಟ್ಟುವುದರೊಳಗೆ ಒಣಗಿರುತ್ತದೆ.

ಗೊಂಬೆ ಹಳೆಯದೇ ಆಗಲಿ. ಅಲ್ಲಿ ಧರ್ಮಕ್ಕೆ ಕೊಟ್ಟ ಸಾಮಾನು ಮಾರುವ ಚಾರಿಟಿ ಅಂಗಡಿಗಳಿವೆ. ಮಗುವನ್ನು ತಳ್ಳುಗಾಡಿಯಲ್ಲಿ ಕೂರಿಸಿಕೊಂಡು ಹೋದಾಗ ಒಂದು ಬಿಸ್ಕತ್ತಿನ ತಗಡಿನ ಡಬ್ಬಿಯಲ್ಲಿ ಮೂವತ್ತು ಚಿಲ್ಲರೆ ಕೆಂಪಂಗಿ ಸಿಪಾಯಿಗಳು ಐದು ಪೌಂಡಿಗೆ ಸಿಕ್ಕವು. ಯಾವನೋ ಹುಡುಗ ಬಣ್ಣವನ್ನು ಗಾರೆ ಮೆತ್ತಿದ ಹಾಗೆ ಮೆತ್ತಿದ್ದ. ಒಟ್ಟು ಮೂವತ್ತೊಂದು ಪೌಂಡು. ನಮ್ಮ ದುಡ್ಡಿನಲ್ಲಿ ಮೂರು ಸಾವಿರದ ಮೇಲಾಯಿತು, ನಿಜ. ಆದರೆ ಮುಂದೆ ಒಂದು ವರ್ಷ ಕೈಗೆ ಕೆಲಸ.

ಹಳೇ ಬಣ್ಣ ತೆಗೆಯಲು ಏನು ಬೇಕು ಹೇಳಿ? ಡೆಟಾಲ್! ನೀರು ಬೆರೆಸದ ಡೆಟಾಲನ್ನು ಮುಚ್ಚಳವಿರುವ ಹಳೇ ಡಬ್ಬಿಗೆ ಹಾಕಿ, ಗೊಂಬೆಗಳನ್ನು ಒಂದು ದಿನ ಮುಳುಗಿಸಿಟ್ಟರೆ ಬಣ್ಣ ಸಿಪ್ಪೆಯಂತೆ ಏಳುತ್ತದೆ. ರಬ್ಬರ್ ಗ್ಲೌಸ್ ಹಾಕಿ, ಕಿಟಕಿ ತೆಗೆದು, ಹಳೇ ಹಲ್ಲುಜ್ಜುವ ಬ್ರಷ್‌ನಿಂದ ಉಜ್ಜಿ. ಒಂದು ಎಚ್ಚರಿಕೆ, ಬಣ್ಣ ಪೂರ್ತಿ ಬಿಡುವ ತನಕ ನೀರು ತಾಗಿಸಬೇಡಿ. ನೀರು ಬಿದ್ದರೆ ಬಿಟ್ಟ ಬಣ್ಣ ಹಲಸಿನ ಮೇಣದಂತೆ ಅಂಟಿಕೊಳ್ಳುತ್ತದೆ. ಮೊದಲು ಡೆಟಾಲಿನಲ್ಲೇ ಉಜ್ಜಿ, ಒರೆಸಿ, ಕೊನೆಗೆ ಪಾತ್ರೆ ತೊಳೆಯುವ ಸೋಪಿನ ನೀರು. ಮನೆಯೆಲ್ಲ ಆಸ್ಪತ್ರೆ ವಾಸನೆ ಬಂದು ಮಗಳು ಮೂಗು ಮುಚ್ಚಿಕೊಂಡಳು. ಹೊಸ ಪ್ಲಾಸ್ಟಿಕ್ ಗೊಂಬೆಯನ್ನೂ ಸೋಪಿನ ನೀರಿನಲ್ಲಿ ತೊಳೆಯಲೇಬೇಕು. ಅಚ್ಚಿನಿಂದ ಬಿಡಿಸಲು ಹಚ್ಚಿದ ಜಿಡ್ಡು ಉಳಿದಿದ್ದರೆ ಬಣ್ಣ ಹಿಡಿಯುವುದಿಲ್ಲ.

ಡಬ್ಬಿಯಲ್ಲಿ ಭಾರವಾದ ಲೋಹದ ಸಿಪಾಯಿಗಳು ನಾಲ್ಕೈದಿದ್ದವು. ಅವನ್ನು ಅಳಿಯ ಬೇರೆ ಎತ್ತಿಟ್ಟರು. 1990ರ ದಶಕದವರೆಗಿನ ಲೋಹದ ಗೊಂಬೆಗಳಲ್ಲಿ ಸೀಸ ಇರುವುದುಂಟು. ಮಕ್ಕಳಿರುವ ಮನೆಯಲ್ಲಿ ಅಂಥದ್ದನ್ನು ಅರ ಹಾಕಿ ಉಜ್ಜಬಾರದು, ಮುಟ್ಟಿದರೆ ಕೈ ತೊಳೆಯಬೇಕು. ಕುಂಚದ ಮೊನೆಯನ್ನು ನಾಲಿಗೆಗೆ ತಾಗಿಸಿ ಸರಿಮಾಡುವ ಅಭ್ಯಾಸ ಹಲವರಿಗಿದೆ. ಅಳಿಯನಿಗೂ ಇತ್ತು, ನಾನು ಬಿಡಿಸಿದೆ.

ಹಚ್ಚುವ ಕ್ರಮ

ತಳಬಣ್ಣವಿಲ್ಲದೆ ಮೇಲ್ಬಣ್ಣ ನಿಲ್ಲದು. ಪ್ರೈಮರ್ ಸ್ಪ್ರೇಯನ್ನು ಹೊರಗಡೆಯೇ ಹೊಡೆಯಬೇಕು. ಆದರೆ ಚಳಿ, ತೇವ ಇದ್ದರೆ ಅದು ಮರಳು ಮರಳಾಗಿ ಕೂರುತ್ತದೆ. ನಾಟಿಂಗ್‌ಹ್ಯಾಮಿನ ಜನವರಿಯಲ್ಲಿ ಚಳಿ, ತೇವ ಬಿಟ್ಟರೆ ಬೇರೇನಿದೆ? ಹಾಗಾಗಿ ಕುಂಚದಲ್ಲಿ ಹಚ್ಚುವ ಪ್ರೈಮರನ್ನೇ ತೆಳ್ಳಗೆ ಹಚ್ಚಿದೆವು. ಹಿಡಿಯಲು ಖಾಲಿ ಔಷಧಿ ಬಾಟ್ಲಿಯ ಮುಚ್ಚಳಕ್ಕೆ ಅಂಟುಮೇಣದಲ್ಲಿ ಸಿಪಾಯಿಯನ್ನು ನಿಲ್ಲಿಸಿಬಿಟ್ಟರೆ ಬೆರಳು ತಾಗುವುದಿಲ್ಲ.

ಬಣ್ಣ ಕಲಸಲು ಅವರು ತಟ್ಟೆಯಲ್ಲಿ ಹಾಕಿ ಅರ್ಧ ಒಣಗಿಸಿ ಎಸೆಯುತ್ತಿದ್ದರು. ಇದಕ್ಕೆ ಒಂದು ಉಪಾಯವಿದೆ. ಊಟದ ಡಬ್ಬಿಯ ತಳಕ್ಕೆ ಅಡಿಗೆಮನೆಯ ಒರೆಸುವ ಕಾಗದವನ್ನು ನೆನೆಸಿ ಹಾಸಿ, ಅದರ ಮೇಲೆ ಕೇಕಿನ ತಟ್ಟೆಗೆ ಹಾಸುವ ಬೇಕಿಂಗ್ ಪೇಪರ್ ಹಾಕಿ, ಅದರ ಮೇಲೆ ಬಣ್ಣ ಬಿಡಿ. ಮುಚ್ಚಳ ಮುಚ್ಚಿಟ್ಟರೆ ನಾಳೆಗೂ ಹಸಿಯಾಗಿರುತ್ತದೆ. ಇದನ್ನೇ ಅಂಗಡಿಯಲ್ಲಿ ದೊಡ್ಡ ಹೆಸರಿಟ್ಟು ಮಾರುತ್ತಾರೆ.

ಬಣ್ಣದ ಹದ ತೆಳು ಹಾಲಿನಂತಿರಬೇಕು. ಒಂದು ಸಲ ದಪ್ಪಗೆ ಹಚ್ಚುವ ಬದಲು ಎರಡು ಸಲ ತೆಳ್ಳಗೆ, ಮೊದಲಿನದು ಒಣಗಿದ ಮೇಲೆ ಎರಡನೆಯದು. ಯಾವುದು ಮೊದಲು ಎಂದು ತಲೆ ಕೆಡಿಸಿಕೊಳ್ಳಬೇಡಿ, ನಾವು ಬಟ್ಟೆ ಹಾಕಿಕೊಳ್ಳುವ ಕ್ರಮವೇ. ಮೊದಲು ಮೈ, ಆಮೇಲೆ ಅಂಗಿ, ಆಮೇಲೆ ಪಟ್ಟಿ, ಚೀಲ, ಬಂದೂಕು. ಹೀಗೆ ಒಳಗಿಂದ ಹೊರಗೆ ಬಂದರೆ ಅಕ್ಕಪಕ್ಕ ತಾಗಿದ ತಪ್ಪು ಮುಂದಿನ ಬಣ್ಣದಲ್ಲಿ ಮುಚ್ಚಿಹೋಗುತ್ತದೆ. ಒಂದೊಂದನ್ನೇ ಮುಗಿಸಲು ಹೊರಟರೆ ಬೇಸರ ಬರುತ್ತದೆ. ಚಕ್ಕುಲಿ ಒತ್ತುವಾಗ ಒಂದೊತ್ತಿ ಒಂದು ಕರಿಯುತ್ತೇವೆಯೇ? ಐದೈದು ಸಾಲಾಗಿ ನಿಲ್ಲಿಸಿ, ಐದಕ್ಕೂ ಮುಖ, ಐದಕ್ಕೂ ಅಂಗಿ. ಐದನೆಯದು ಮುಗಿಯುವಷ್ಟರಲ್ಲಿ ಮೊದಲಿನದು ಒಣಗಿರುತ್ತದೆ.

ಇನ್ನು ಆ ವಾಶ್. ಬಣ್ಣವೆಲ್ಲ ಒಣಗಿದ ಮೇಲೆ ಈ ಕಂದು ನೀರನ್ನು ಮೇಲಿಂದ ಸವರಿದರೆ ಅದು ತಾನಾಗಿ ತಗ್ಗಿಗೆ ಹರಿದು ಕೂರುತ್ತದೆ, ಒಡೆದ ಹಿಮ್ಮಡಿಯ ಬಿರುಕಿನಲ್ಲಿ ಕೆಸರು ಕೂತ ಹಾಗೆ. ಮಡಿಕೆ, ಬೆರಳಸಂದಿ, ಕೆನ್ನೆಯ ಕೆಳಗೆ ನೆರಳು ಬಂದುಬಿಡುತ್ತದೆ. ನನ್ನ ವಡೆಮುಖದ ಸಿಪಾಯಿಗಳು ಇದರಿಂದಲೇ ಮನುಷ್ಯರಾದರು. ಕಣ್ಣನ್ನು ನಾನು ಮತ್ತೆ ಬರೆಯಲಿಲ್ಲ. ಒಂದು ಮಾರು ದೂರದಿಂದ ನೋಡುವ ಆಟ, ಹುಬ್ಬಿನ ಕೆಳಗಿನ ನೆರಳೇ ಕಣ್ಣು.

ಕೊನೆಗೆ ಏರು ಭಾಗಗಳಿಗೆ ಹೊಳಪು. ಮಗಳ ಹಳೇ ಮೇಕಪ್ ಬ್ರಷ್ ಇದಕ್ಕೆ ಅಂಗಡಿಯ ಕುಂಚಕ್ಕಿಂತ ಮೇಲು. ತುಸು ತಿಳಿಬಣ್ಣ ಅದ್ದಿ, ಕಾಗದದ ಮೇಲೆ ಚೆನ್ನಾಗಿ ಒರೆಸಿ, ಬಣ್ಣ ಇದೆಯೋ ಇಲ್ಲವೋ ಎನ್ನುವಷ್ಟಾದಾಗ ಗೊಂಬೆಯ ಮೇಲೆ ಹಗುರವಾಗಿ ಆಡಿಸಿದರೆ ಉಬ್ಬಿನ ಮೇಲಷ್ಟೇ ಹತ್ತುತ್ತದೆ. ಕಾಲಕೆಳಗಿನ ನೆಲಕ್ಕೆ ಮರದ ಅಂಟು ಸವರಿ, ಚಹಾ ಸೋಸಿದ ಚರಟವನ್ನು ಚೆನ್ನಾಗಿ ಒಣಗಿಸಿ ಉದುರಿಸಿ. ಹಸಿ ಇದ್ದರೆ ಬೂಸ್ಟು ಹಿಡಿಯುತ್ತದೆ. ಮೇಲೆ ಹೊಳಪಿಲ್ಲದ ವಾರ್ನಿಷ್ ಎರಡು ಸಲ.

ಇಷ್ಟರಲ್ಲಿ ಮೂವತ್ತು ದಿನ ಕಳೆದಿದ್ದವು. ಕೆಲಸದ ಸುದ್ದಿ ಇಲ್ಲ. “ಅಲ್ಲಿ ಹೋಗಿ ಸೈನ್ಯ ಕಟ್ಟುತ್ತಿದ್ದೀಯಂತೆ, ಯಾರ ಮೇಲೆ ದಂಡೆತ್ತಿ ಹೋಗುತ್ತೀ?” ಎಂದು ಇವರು ಫೋನಿನಲ್ಲಿ ತಮಾಷೆ ಮಾಡುತ್ತಿದ್ದರು. ಆ ಪ್ರಶ್ನೆಯಿಂದಲೇ ನನಗೆ ಹೊಳೆಯಿತು. ಅಳಿಯನ ಹಲಗೆಯ ಮೇಲೆ ಇಂಗ್ಲಿಷರು, ಫ್ರೆಂಚರು, ಎಲ್ಲರೂ ಇದ್ದಾರೆ. ನಮ್ಮವರೆಲ್ಲಿ? ನೆಪೋಲಿಯನ್ನನನ್ನು ವಾಟರ್ಲೂನಲ್ಲಿ ಸೋಲಿಸಿದ ವೆಲಿಂಗ್ಟನ್, 1799ರಲ್ಲಿ ಶ್ರೀರಂಗಪಟ್ಟಣದ ಮುತ್ತಿಗೆಯಲ್ಲಿದ್ದ ಅದೇ ಆರ್ಥರ್ ವೆಲ್ಲೆಸ್ಲಿ ಎಂದು ಅಳಿಯ ಹೇಳಿದರು. ಟಿಪ್ಪುವಿನ ಕಾಲಾಳುಗಳ ಅಂಗಿಯ ಬಟ್ಟೆ ನೇರಳೆ, ಮೇಲೆ ಬಿಳಿಯ ಹುಲಿಗುರುತು.

ಡೆಟಾಲಿನಲ್ಲಿ ಮಿಂದ ಕೆಂಪಂಗಿಯವರಲ್ಲಿ ಇಪ್ಪತ್ತನಾಲ್ಕು ಜನರನ್ನು ಮೈಸೂರಿಗೆ ಸೇರಿಸಿಕೊಂಡೆ! ಟೋಪಿ ಕತ್ತರಿಸಿ ತೆಗೆದು, ಎರಡು ಭಾಗ ಸಮನಾಗಿ ಕಲಸಿದರೆ ಕೆಲವು ಗಂಟೆಯಲ್ಲಿ ಕಲ್ಲಾಗುವ ಪುಟ್ಟಿಯನ್ನು ಶಾವಿಗೆಯಂತೆ ಹೊಸೆದು ತಲೆಗೆ ಸುತ್ತಿದೆ. ನಮ್ಮಲ್ಲಿ ನಲ್ಲಿ ರಿಪೇರಿಗೆ ಬಳಸುವ ಎಂ-ಸೀಲ್ ಇದೆಯಲ್ಲ, ಅಂಥದ್ದೇ. ಮುಂಡಾಸಾಯಿತು. ಕೆಂಪು, ನೀಲಿ ಕಲಸಿ ನೇರಳೆ. ಹುಲಿಗುರುತು ಎಳೆಯಲು ಮಾತ್ರ ಅಳಿಯನ ಕೈ ನಡುಗಿತು. ಮೂವತ್ತು ವರ್ಷ ಬೆಳಿಗ್ಗೆ ಎದ್ದು ಎಳೆ ರಂಗೋಲಿ ಬಿಟ್ಟ ಕೈ ನನ್ನದು, ನಡುಗಲಿಲ್ಲ. ಮೊಣಕೈಯನ್ನು ಮೇಜಿಗೆ ಊರಿ, ಎರಡೂ ಮಣಿಕಟ್ಟು ಒಂದಕ್ಕೊಂದು ತಾಗಿಸಿ ಹಿಡಿದು, ಉಸಿರು ಬಿಡುತ್ತಾ ಎಳೆಯಬೇಕು. ಓದುವ ಕನ್ನಡಕ ಬೇಕೇ ಬೇಕು.

“ಅತ್ತೆ, ಇದನ್ನು ಕ್ಲಬ್ಬಿನವರಿಗೆ ತೋರಿಸಲೇಬೇಕು,” ಎಂದು ಅಳಿಯ ಆರು ವಾರದ ಮೇಲೆ ಒಂದು ಗುರುವಾರ ಶೂ ಹಾಕಿಕೊಂಡು ಹೊರಟರು. ಬಾಗಿಲು ಹಾಕಿಕೊಂಡ ಮಗಳು ಬಂದು ನನ್ನ ಪಕ್ಕ ಕೂತು, ಮಾತಾಡದೆ ಸ್ವಲ್ಪ ಹೊತ್ತು ಅತ್ತಳು. ಅಂದು ರಾತ್ರಿ ಹನ್ನೊಂದಕ್ಕೆ ಬಂದ ಅಳಿಯ, ಶ್ರೀರಂಗಪಟ್ಟಣ ಆ ಮೇಜಿನ ಮೇಲೆ ಬೀಳಲಿಲ್ಲ ಎಂದು ಸುದ್ದಿ ಕೊಟ್ಟರು. ದಾಳ ನಮ್ಮ ಕಡೆಗಿತ್ತಂತೆ. ಕ್ಲಬ್ಬಿನ ಒಬ್ಬ ಹಿರಿಯರು ತಮ್ಮ ಆಫೀಸಿನಲ್ಲಿ ಒಂದು ಜಾಗ ಖಾಲಿ ಇದೆಯೆಂದು ಹೇಳಿ ಕಳಿಸಿದ್ದರು. ಅದು ಆಗಲಿಲ್ಲ. ಐವತ್ತೊಂದನೆಯ ದಿನ ಬೇರೆ ಕಡೆಯಿಂದ ಕಾಗದ ಬಂತು, ಸಂಬಳ ಮೊದಲಿಗಿಂತ ಕಡಿಮೆ. ದೇವರಿಗೆ ತುಪ್ಪದ ದೀಪ ಹಚ್ಚಿದೆವು.

ಏಪ್ರಿಲಿನಲ್ಲಿ ಊರಿಗೆ ಬರುವಾಗ ಹನ್ನೆರಡು ಮೈಸೂರು ಸಿಪಾಯಿಗಳು ಹತ್ತಿಯಲ್ಲಿ ಸುತ್ತಿಕೊಂಡು ನನ್ನ ಜೊತೆ ಬಂದರು. ಉಳಿದ ಹನ್ನೆರಡು ಅಲ್ಲೇ ಕಾವಲು. ಇಲ್ಲಿ ಆ ಬಣ್ಣಗಳು ನಮ್ಮ ಪೇಟೆಯಲ್ಲಿ ಸಿಗಲಿಲ್ಲ. ಕ್ಯಾಮೆಲ್, ಫೆವಿಕ್ರಿಲ್ ಅಕ್ರಿಲಿಕ್ ತಂದು ನೋಡಿದೆ. ಕಣ ಸ್ವಲ್ಪ ದಪ್ಪ. ತೆಳ್ಳಗೆ ಮಾಡಿಕೊಂಡು ಎರಡರ ಬದಲು ಮೂರು ಸಲ ಹಚ್ಚಿದರೆ ದೂರಲು ಏನೂ ಇಲ್ಲ. ತಳಕ್ಕೆ ಕಾರಿನ ಸಾಮಾನಿನ ಅಂಗಡಿಯ ಬೂದುಬಣ್ಣದ ಪ್ರೈಮರ್ ಸ್ಪ್ರೇ, ಮೊದಲು ಒಂದು ಚೂರು ಪ್ಲಾಸ್ಟಿಕ್ಕಿನ ಮೇಲೆ ಹೊಡೆದು ನೋಡಿಕೊಂಡು.

2024ರ ನವರಾತ್ರಿಯಲ್ಲಿ ಪಟ್ಟದ ಗೊಂಬೆಗಳ ಕೆಳಗಿನ ಮೆಟ್ಟಿಲಿನಲ್ಲಿ, ಜಂಬೂಸವಾರಿಯ ಆನೆಯ ಮುಂದೆ ಅವರನ್ನು ಎರಡು ಸಾಲು ನಿಲ್ಲಿಸಿದೆ. ಗೊಂಬೆ ನೋಡಲು ಬಂದವರಲ್ಲಿ ಎದುರು ಮನೆಯ ಹುಡುಗಿ, ಒಂಬತ್ತನೇ ಕ್ಲಾಸಿನವಳು, ಬೊಂಬೆ ಬಾಗಿನದ ಚರ್ಪು ಕೈಯಲ್ಲಿ ಹಿಡಿದುಕೊಂಡೇ ಬಗ್ಗಿ ಬಹಳ ಹೊತ್ತು ನೋಡಿ, “ಆಂಟಿ, ಈ ಪಟ್ಟೆ ಹೆಂಗೆ ಎಳೆದ್ರಿ?” ಎಂದು ಕೇಳಿದಳು. ಶನಿವಾರ ಮಧ್ಯಾಹ್ನ ಬಾ ಎಂದೆ. ಬರುವಾಗ ಮನೆಯಲ್ಲಿ ಎಸೆಯಲು ಇಟ್ಟ ಹಲ್ಲುಜ್ಜುವ ಬ್ರಷ್ ಇದ್ದರೆ ತರಲು ಹೇಳಿದ್ದೇನೆ.